ಎಷ್ಟನೇ ಜ್ವರ?

ಹೋದ ವರ್ಷ ನವೆಂಬರಲ್ಲಿ ಒಂದಿನ ಒಂಬತ್ತನೇ ಕ್ಲಾಸಿಗೆ ಬಹುಪದೋಕ್ತಿ ಪಾಠ ಮಾಡ್ತಿದ್ದೆ. ಬೋರ್ಡ್ ಕಡೆಯಿಂದ ತಿರುಗಿ ನೋಡಿದ್ರೆ ಕೊನೇ ಬೆಂಚಲ್ಲಿ ಒಬ್ಬ ಹುಡುಗ ಡೆಸ್ಕ್ ಮೇಲೆ ತಲೆ ಹಾಕಿ ಮಲಗಿಬಿಟ್ಟಿದ್ದಾನೆ. ತೂಕಡಿಕೆ ಅಲ್ಲ, ಗಾಢ ನಿದ್ದೆ. ಹತ್ರ ಹೋದೆ, ಬೆರಳ ತುದಿಯೆಲ್ಲಾ ಕಪ್ಪಗಾಗಿತ್ತು, ಸೊಪ್ಪು ಕೊಯ್ದ ಕೈ ಅಂತ ನೋಡಿದ ತಕ್ಷಣ ಗೊತ್ತಾಯ್ತು. ಭುಜ ತಟ್ಟಿ ಎಬ್ಬಿಸಿದೆ.

"ಮನೇಲಿ ಹುಳ ಎಷ್ಟನೇ ಜ್ವರನಪ್ಪಾ?"

ಬೈಸ್ಕೊಳ್ಳೋಕೆ ರೆಡಿಯಾಗಿ ಎದ್ದಿದ್ದೋನು ಒಂದು ಗಳಿಗೆ ನನ್ನ ಮುಖಾನೇ ನೋಡ್ದ. "ನಾಲ್ಕನೇ ಜ್ವರ ಎದ್ದು ಮೂರು ದಿನ ಆಯ್ತು ಮೇಡಂ."

"ಸರಿ, ಮಲ್ಕೋ" ಅಂದೆ.

ಶಿಡ್ಲಘಟ್ಟ, ಚಿಂತಾಮಣಿ ಕಡೆಯವರಿಗೆ ಇದನ್ನ ಬಿಡಿಸಿ ಹೇಳೋದು ಬೇಕಿಲ್ಲ. ಬೇರೆ ಕಡೆಯವರಿಗೋಸ್ಕರ ಹೇಳ್ತೀನಿ. ರೇಷ್ಮೆ ಹುಳ ಗೂಡು ಕಟ್ಟೋ ಮುಂಚೆ ನಾಲ್ಕು ಸಲ ಮೈಚರ್ಮ ಕಳಚುತ್ತೆ, ಆಗ ಮೇವು ಬಿಟ್ಟು ಅಲ್ಲಾಡದೆ ಬಿದ್ದಿರುತ್ತೆ, ಅದಕ್ಕೆ ನಾವು ಜ್ವರ ಅಂತೀವಿ. ನಾಲ್ಕನೇ ಜ್ವರ ಎದ್ದ ಮೇಲೆ ಅದರ ಹಸಿವು ಹೇಗಿರುತ್ತೆ ಅಂದ್ರೆ ಇಡೀ ಜನ್ಮದಲ್ಲಿ ತಿನ್ನೋ ಸೊಪ್ಪಲ್ಲಿ 80 ಪರ್ಸೆಂಟಿಗೂ ಜಾಸ್ತಿ ಈ ಕೊನೇ ಏಳೆಂಟು ದಿನದಲ್ಲೇ ತಿಂದು ಮುಗಿಸುತ್ತೆ, ಬೆಳಗಿನ ಜಾವ ಎದ್ದು ತೋಟದಲ್ಲಿ ಸೊಪ್ಪು ಕೊಯ್ಯಬೇಕು, ಹೊತ್ಕೊಂಡು ಬರಬೇಕು, ರಾತ್ರಿ ಮಲಗೋ ಮುಂಚೆ ಇನ್ನೊಂದು ಸಲ ಹಾಕಬೇಕು. ಆಮೇಲೆ ಹುಳ ಹಣ್ಣಾಗುತ್ತೆ, ಅಂದ್ರೆ ಗೂಡು ಕಟ್ಟೋಕೆ ರೆಡಿಯಾಗುತ್ತೆ. ಹಣ್ಣಾದ ಹುಳನ ಆಗಿಂದಾಗಲೇ ಆರಿಸಿ ಚಂದ್ರಿಕೆಗೆ, ಅಂದ್ರೆ ಅದು ಗೂಡು ಕಟ್ಟೋ ತಟ್ಟೆಗೆ ಬಿಡಬೇಕು, ಅದು ಭಾನುವಾರ ನೋಡಲ್ಲ, ಪರೀಕ್ಷೆ ನೋಡಲ್ಲ. ಆಳು ಕರೆದ್ರೆ ಆಳಿಗೆ ಕೂಲಿ ಕೊಡಬೇಕು, ಮನೇಲೇ ಹದಿನಾಲ್ಕು ವರ್ಷದ ಹುಡುಗ ಇದ್ರೆ ಆ ಕೂಲಿ ಉಳಿಯುತ್ತೆ. ಲೆಕ್ಕ ಇಷ್ಟೇ.

ಅವತ್ತು ಸ್ಟಾಫ್ ರೂಮಲ್ಲಿ ಆ ಹುಡುಗನ ಮಾತು ಬಂತು. "ಅವನಿಗೆ ಓದೋ ಇಂಟ್ರೆಸ್ಟೇ ಇಲ್ಲ ಬಿಡಿ ಮೇಡಂ" ಅಂದ್ರು ನಮ್ಮ ಸಹೋದ್ಯೋಗಿ ಒಬ್ರು. ಅವರು ಕೆಟ್ಟವರಲ್ಲ, ನಿಜ ಹೇಳ್ಬೇಕು ಅಂದ್ರೆ ನಮ್ಮ ಸ್ಕೂಲಲ್ಲಿ ಅವರಷ್ಟು ಪ್ರಿಪೇರ್ ಆಗಿ ಕ್ಲಾಸಿಗೆ ಹೋಗೋರು ಕಮ್ಮಿ. ಅವರೂರು ಮಲೆನಾಡು, ಹುಳ ಸಾಕೋ ಮನೆ ಒಳಗಿಂದ ನೋಡಿಲ್ಲ. ಆದ್ರೆ ಆ ಮಾತು ನನಗೆ ಎಲ್ಲೋ ಚುಚ್ಚಿತು, ಯಾಕಂದ್ರೆ ಸುಮಾರು ಮೂವತ್ತು ವರ್ಷದ ಹಿಂದೆ ಇದೇ ಮಾತನ್ನ ನನ್ನ ಬಗ್ಗೆ ಹೇಳಿದ್ರು, ನಾನು ಬಾಗಿಲ ಹೊರಗೆ ನಿಂತ್ಕೊಂಡು ಕೇಳಿಸ್ಕೊಂಡಿದ್ದೆ.

ನಮ್ಮದು ಇದೇ ತಾಲೂಕಿನ ಹಳ್ಳಿ. ಆಗಿನ್ನೂ ಕೋಲಾರ ಜಿಲ್ಲೆ, ಚಿಕ್ಕಬಳ್ಳಾಪುರ ಬೇರೆ ಆಗಿದ್ದು 2007ರಲ್ಲಿ. ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಅಪ್ಪನ್ನ ನಾಯ್ನ ಅಂತಿದ್ವಿ. ಎರಡು ಎಕರೆ ಹಿಪ್ಪುನೇರಳೆ, ಒಂದು ಬೋರು. ಹುಳಕ್ಕೆ ಅಂತ ಬೇರೆ ಮನೆ ಇರ್ಲಿಲ್ಲ, ಒಳ್ಳೆ ಗಾಳಿ ಬರೋ ದೊಡ್ಡ ರೂಮು ಹುಳಕ್ಕೆ, ಅಡುಗೆಮನೆ ಪಕ್ಕದ ಜಾಗ ನಮಗೆ. ನಾನು ಓದಿಕೊಂಡಿದ್ದು ತಟ್ಟೆ ಜೋಡಿಸೋ ಸ್ಟ್ಯಾಂಡಿನ ಸಂದೀಲಿ, ಕರೆಂಟ್ ಇದ್ದಾಗ. ಈಗಲೂ ಹಿಪ್ಪುನೇರಳೆ ಸೊಪ್ಪಿನ ವಾಸನೆ ಬಂದ್ರೆ ನನಗೆ ಮಗ್ಗಿ ನೆನಪಾಗುತ್ತೆ.

ಆ ಮನೇಲಿ ನಾನು ಅತಿ ಹೆಚ್ಚು ಸಲ ಕೇಳಿದ ಮಾತು "ಈ ಬೆಳೆ ಆಗ್ಲಿ, ನೋಡೋಣ." ಕಂಪಾಸ್ ಬಾಕ್ಸ್ ಬೇಕು ಅಂದ್ರೆ ಈ ಬೆಳೆ ಆಗ್ಲಿ. ಚಪ್ಪಲಿ ಕಿತ್ತೋಯ್ತು ಅಂದ್ರೆ ಈ ಬೆಳೆ ಆಗ್ಲಿ. ವರ್ಷಕ್ಕೆ ಐದಾರು ಬೆಳೆ, 100 ಮೊಟ್ಟೆಗೆ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪನ್ನೇ ನಾವು ಒಂದು ಮೊಟ್ಟೆ ಅಂತೀವಿ) 70 ಕೆ.ಜಿ. ಗೂಡು ಬಂದ್ರೆ ನಾಯ್ನನ ಮುಖದಲ್ಲಿ ನಗು. ಬಂದ್ರೆ. ಆದ್ರೆ ಹಾಲುರೋಗ ಬರ್ತಿತ್ತು, ಸಪ್ಪೆರೋಗ ಬರ್ತಿತ್ತು, ಊಜಿ ನೊಣ ಬರ್ತಿತ್ತು, ಏನೂ ಬರದೇ ಇದ್ರೆ ಮಾರ್ಕೆಟಲ್ಲಿ ರೇಟು ಬಿದ್ದಿರ್ತಿತ್ತು.

ಏಳನೇ ಕ್ಲಾಸಲ್ಲಿ ಬೇಲೂರು ಹಳೇಬೀಡು ಟೂರಿಗೆ ಹೆಸರು ಬರೆಸಿದ್ದೆ, ನಾಯ್ನ ಈ ಬೆಳೆ ಆಗ್ಲಿ ಅಂತಾನೂ ಅಂದಿರ್ಲಿಲ್ಲ, ಹೋಗ್ಬಾ ಅಂತ ನೇರವಾಗೇ ಒಪ್ಪಿದ್ರು, ಹುಳ ಅಷ್ಟು ಚೆನ್ನಾಗಿತ್ತು. ಟೂರಿಗೆ ಒಂದು ವಾರ ಇದ್ದಾಗ ಸುಣ್ಣಕಟ್ಟು ರೋಗ ಬಂತು. ಹುಳ ಸತ್ತು ಸುಣ್ಣದ ಕಡ್ಡಿ ಹಂಗೆ ಬೆಳ್ಳಗೆ ಗಟ್ಟಿಯಾಗುತ್ತೆ, ಮುಟ್ಟಿದ್ರೆ ಪಟ್ ಅಂತ ಮುರಿಯುತ್ತೆ. ನಾಯ್ನ, ಅಮ್ಮ ಇಬ್ರೂ ಮಾತೇ ಆಡದೆ ತಟ್ಟೆ ತಟ್ಟೆ ಖಾಲಿ ಮಾಡಿ ಗುಂಡಿ ತೋಡಿ ಮುಚ್ಚಿದ್ರು. ನಾನು ಮಾರನೇ ದಿನ ಸ್ಕೂಲಿಗೆ ಹೋಗಿ "ನಂಗೆ ಬಸ್ಸಲ್ಲಿ ವಾಂತಿ ಆಗುತ್ತೆ ಸಾರ್, ನಾನು ಬರಲ್ಲ" ಅಂತ ಹೆಸರು ಹೊಡೆಸಿಹಾಕಿದೆ. ಮನೇಲಿ ಯಾರೂ ಹೇಳ್ಲಿಲ್ಲ ಹಂಗೆ ಮಾಡು ಅಂತ.

ಅಲ್ಲಿಂದ ಮುಂದೆ ಕೇಳೋದೇ ನಿಲ್ಲಿಸಿಬಿಟ್ಟೆ. ಕಂಪಾಸ್ ಇಲ್ಲದೆ ಎರಡು ವರ್ಷ ರೇಖಾಗಣಿತ ಮಾಡಿದೆ, ಪಕ್ಕದವಳು ಮುಗಿಸಿದ ಮೇಲೆ ಅವಳದ್ದು ಈಸ್ಕೊಂಡು. ಇದು ಮನೆ ವಿಷಯಕ್ಕೆ ಮಾತ್ರ ನಿಂತಿದ್ರೆ ನಾನು ಇಷ್ಟುದ್ದ ಬರೀತಾ ಇರ್ಲಿಲ್ಲ. ಕೇಳದೇ ಇರೋದು ಒಂದ್ಸಲ ಮೈಗೆ ಹತ್ತಿದ್ರೆ ಮಗು ಅದನ್ನ ಮನೆ ಬಾಗಿಲಲ್ಲಿ ಬಿಚ್ಚಿಟ್ಟು ಸ್ಕೂಲಿಗೆ ಬರಲ್ಲ. ಕ್ಲಾಸಲ್ಲಿ ಅರ್ಥ ಆಗದೇ ಇದ್ರೂ ಕೈ ಎತ್ತುತಿರ್ಲಿಲ್ಲ ನಾನು. ನೀರು ಕುಡಿಯೋಕೆ ಹೋಗ್ಲಾ ಅಂತ ಕೇಳ್ತಿರ್ಲಿಲ್ಲ. ಮೇಷ್ಟ್ರು "ಡೌಟ್ ಇದ್ಯಾ" ಅಂದಾಗ ತಲೆ ತಗ್ಗಿಸ್ತಿದ್ದೆ. ಅದನ್ನೇ ಅವರು ಇಂಟ್ರೆಸ್ಟ್ ಇಲ್ಲ ಅಂತ ಓದಿದ್ರು.

ನಮ್ಮ ದೊಡ್ಡಪ್ಪ ಸಾರಿಗೆ ಸಂಸ್ಥೆ ಬಸ್ಸಲ್ಲಿ ಕಂಡಕ್ಟರ್, ಚಿಕ್ಕಬಳ್ಳಾಪುರದಲ್ಲಿ ಬಾಡಿಗೆ ಮನೆ. ಅವರ ಮಗ ನನ್ನ ವಾರಿಗೆಯವನು. ಈಗ ಕೂತು ಲೆಕ್ಕ ಹಾಕಿದ್ರೆ ನಮಗೆ ಬೆಳೆ ಚೆನ್ನಾಗಿ ಆದ ವರ್ಷ ನಾಯ್ನನ ಕೈಗೆ ಬರ್ತಿದ್ದ ದುಡ್ಡು ದೊಡ್ಡಪ್ಪನ ಸಂಬಳಕ್ಕಿಂತ ಕಮ್ಮಿ ಏನಿರ್ಲಿಲ್ಲ, ಒಂದೊಂದು ವರ್ಷ ಜಾಸ್ತೀನೇ ಇತ್ತು. ಆದ್ರೆ ಅವನು "ಅಪ್ಪಾ, ಗೈಡ್ ಬೇಕು" ಅಂದ್ರೆ ದೊಡ್ಡಪ್ಪ ಹೇಳ್ತಿದ್ದಿದ್ದು "ಒಂದನೇ ತಾರೀಕು ಕೊಡಿಸ್ತೀನಿ." ಒಂದನೇ ತಾರೀಕು ಬರ್ತಿತ್ತು, ಗೈಡೂ ಬರ್ತಿತ್ತು.

ಈ ಎರಡು ಉತ್ತರದ ಮಧ್ಯೆ ಇರೋ ವ್ಯತ್ಯಾಸಾನೇ ನಾನು ಇಷ್ಟು ವರ್ಷ ಯೋಚನೆ ಮಾಡ್ತಾ ಬಂದಿರೋದು. ಒಂದಕ್ಕೆ ತಾರೀಕಿದೆ, ಇನ್ನೊಂದಕ್ಕೆ ಇಲ್ಲ. ತಾರೀಕಿರೋ ಮನೇಲಿ ಬೆಳೆದ ಮಗುಗೆ ಇವತ್ತು ಓದಿದ್ರೆ ಮಾರ್ಚಲ್ಲಿ ಮಾರ್ಕ್ಸ್, ಮಾರ್ಕ್ಸ್ ಬಂದ್ರೆ ಸೀಟು, ಸೀಟು ಸಿಕ್ರೆ ಕೆಲಸ ಅನ್ನೋ ಸರಪಳಿನ ನಂಬೋದು ಕಷ್ಟ ಅಲ್ಲ, ಅವನು ಚಿಕ್ಕವನಿದ್ದಾಗಿಂದ ಹೇಳಿದ್ದು ಹೇಳಿದ ದಿನ ನಡೆಯೋದನ್ನ ನೋಡ್ಕೊಂಡೇ ಬೆಳೆದಿದ್ದಾನೆ. ನಾವು ನೋಡಿದ್ದು ಬೇರೆ. ತಿಂಗಳಿಡೀ ಜೀವ ತೇಯ್ದು ಕೊನೇ ಎರಡು ದಿನದಲ್ಲಿ ಎಲ್ಲಾ ಗುಂಡಿಗೆ ಹೋಗೋದನ್ನ ಕಣ್ಣಾರೆ ಕಂಡ ಮಗುಗೆ ಕಷ್ಟಪಟ್ರೆ ಫಲ ಇದೆ ಅಂತ ಬೋರ್ಡ್ ಮೇಲೆ ಬರೆದು ತೋರಿಸಿದ್ರೆ ಅದು ನಂಬಲ್ಲ, ನಮ್ಮ ಮನಸ್ಸು ನೋಯಿಸಬಾರದು ಅಂತ ಹೂಂ ಅನ್ನುತ್ತೆ ಅಷ್ಟೇ.

ತಮಿಳುನಾಡಿನ ಕಬ್ಬು ಬೆಳೆಗಾರರ ಮೇಲೆ ಮಾಡಿದ ಒಂದು ಅಧ್ಯಯನ 2013ರಲ್ಲಿ ಸೈನ್ಸ್ ಅನ್ನೋ ಪತ್ರಿಕೇಲಿ ಬಂತು. ಸೆಂಧಿಲ್ ಮುಲ್ಲೈನಾಥನ್, ಎಲ್ಡರ್ ಶಫೀರ್, ಆನಂದಿ ಮಣಿ, ಜಿಯಾಯಿಂಗ್ ಝಾವೋ ಸೇರಿ ಮಾಡಿದ್ದು. ಕಬ್ಬಿನವರಿಗೆ ದುಡ್ಡು ಬರೋದು ಕಟಾವಾದ ಮೇಲೆ, ಅದಕ್ಕೂ ಮುಂಚಿನ ತಿಂಗಳುಗಳಲ್ಲಿ ಕೈ ಖಾಲಿ, ಒಡವೆ ಅಡ ಇಟ್ಟು ನಡೆಸೋ ಕಾಲ. 464 ರೈತರಿಗೆ ಕಟಾವಿಗೆ ಮುಂಚೆ ಒಂದ್ಸಲ ಆಮೇಲೆ ಒಂದ್ಸಲ, ಆಕೃತಿಗಳ ಸಾಲಲ್ಲಿ ಮುಂದಿನದು ಯಾವುದು ಅಂತ ಗುರುತಿಸೋ ಥರದ ಬುದ್ಧಿ ಪರೀಕ್ಷೆ ಕೊಟ್ರು. ಅದೇ ಮನುಷ್ಯ, ಅದೇ ತಲೆ, ಕಟಾವಿಗೆ ಮುಂಚೆ ಕಮ್ಮಿ ಮಾಡ್ದ, ದುಡ್ಡು ಬಂದ ಮೇಲೆ ಚೆನ್ನಾಗಿ ಮಾಡ್ದ. ಊಟ ಕಮ್ಮಿ ಆಗಿದ್ದಕ್ಕಾ, ಕೆಲಸದ ಸುಸ್ತಿಗಾ ಅಂತಾನೂ ನೋಡಿದ್ರು, ಅದರಿಂದ ಈ ವ್ಯತ್ಯಾಸ ಪೂರ್ತಿ ವಿವರಿಸೋಕಾಗಲ್ಲ ಅಂದ್ರು. ಸಾಲ, ಬಡ್ಡಿ, ಮುಂದೇನು ಅನ್ನೋ ಯೋಚನೇನೇ ತಲೇಲಿ ಜಾಗ ಹಿಡ್ಕೊಂಡು ಕೂತಿರುತ್ತೆ ಅನ್ನೋದು ಅವರ ವಾದ. ಇದನ್ನ ಓದಿದ ದಿನ ನಾನು ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಮಾರ್ಕೆಟಿಗೆ ಗೂಡು ಹಾಕೋ ಹಿಂದಿನ ರಾತ್ರಿ ನಾಯ್ನ ಉಪ್ಪು ಕೇಳಿ ಸಕ್ಕರೆ ಡಬ್ಬ ತೆಗೀತಿದ್ದಿದ್ದು ನೆನಪಾಯ್ತು. ಅವರೇ ಗೂಡು ಮಾರಿ ಬಂದ ಸಾಯಂಕಾಲ ಕೂತು ನನ್ನ ಲೆಕ್ಕದ ಪುಸ್ತಕ ನೋಡಿ ಬಡ್ಡಿ ಲೆಕ್ಕ ಬಾಯಲ್ಲೇ ಮಾಡ್ತಿದ್ರು.

ದೊಡ್ಡವರ ತಲೇನೇ ಹಿಂಗಾದ್ರೆ ಅದೇ ಮನೇಲಿ ಅದೇ ರಾತ್ರಿ ಮಲಗೋ ಮಗು ಕಥೆ ಏನು? ಮಕ್ಕಳಿಗೆ ರೇಟು ಗೊತ್ತಿರುತ್ತೆ. ನಮ್ಮ ಎಂಟನೇ ಕ್ಲಾಸಲ್ಲಿ ಬೇಕಾದ್ರೆ ಕೇಳಿ ನೋಡಿ, ನಿನ್ನೆ ಶಿಡ್ಲಘಟ್ಟ ಮಾರ್ಕೆಟಲ್ಲಿ ಗೂಡು ಎಷ್ಟಕ್ಕೆ ಹೋಯ್ತು ಅಂತ ಹತ್ತು ಮಕ್ಕಳಾದ್ರೂ ಹೇಳ್ತಾರೆ. ಮಗ್ಗಿ ಮರೆತಿರ್ತಾರೆ, ರೇಟು ಮರೆತಿರಲ್ಲ.

ಎಲ್ಲಕ್ಕಿಂತ ಜಾಸ್ತಿ ನನ್ನ ನಿದ್ದೆ ಕೆಡಿಸಿರೋದು ಒಬ್ಬ ಹುಡುಗಿ. ಎಸ್ಸೆಸ್ಸೆಲ್ಸಿಯಲ್ಲಿ ಸೈನ್ಸಿಗೆ 91 ತಗೊಂಡಿದ್ಲು, ಲ್ಯಾಬಲ್ಲಿ ಸೂಕ್ಷ್ಮದರ್ಶಕ ತೆಗೆದ ದಿನ ಅವಳನ್ನ ಮನೆಗೆ ಕಳಿಸೋದೇ ಕಷ್ಟ ಆಗ್ತಿತ್ತು. ರಿಸಲ್ಟ್ ಬಂದ್ಮೇಲೆ ಸಿಕ್ಕಿದ್ಲು, ಪಿಯುಸಿಗೆ ಏನು ತಗೊಂಡೆ ಅಂದೆ. "ಆರ್ಟ್ಸ್ ಮೇಡಂ. ನಂಗೆ ಸೈನ್ಸ್ ಅಷ್ಟೊಂದು ಇಷ್ಟ ಇಲ್ಲ."

ಆಮೇಲೆ ಊರಲ್ಲಿ ಗೊತ್ತಾಯ್ತು, ಆ ಬೇಸಿಗೇಲಿ ಅವರ ಬೋರು ನಿಂತೋಯ್ತು, ಹೊಸದು 1,200 ಅಡಿ ಕೊರೆಸಿದ್ರು, ಬರೀ ಧೂಳು ಬಂತು. ನಮ್ಮ ಜಿಲ್ಲೇಲಿ ಬೋರು ಫೇಲ್ ಆಗೋದು ಅಂದ್ರೆ ಏನು ಅಂತ ಇಲ್ಲಿಯವರಿಗೆ ಗೊತ್ತು, ವರ್ಷವಿಡೀ ಹರಿಯೋ ನದಿ ಇಲ್ಲ, ನಾಲೆ ಇಲ್ಲ, ಒಂದೇ ರಾತ್ರೀಲಿ ಲಕ್ಷಗಟ್ಟಲೆ ದುಡ್ಡು ಭೂಮಿ ಒಳಗೆ ಹೋಗುತ್ತೆ, ಅದರ ಸಾಲ ಎಷ್ಟೋ ಬೆಳೆ ತಿನ್ನುತ್ತೆ. ಪಿಯುಸಿ ಸೈನ್ಸ್ ಅಂದ್ರೆ ಟ್ಯೂಷನ್ ಬೇಕು, ಸಿಇಟಿಗೆ ಕೋಚಿಂಗ್ ಬೇಕು ಅಂತ ಅವಳಿಗೆ ಗೊತ್ತಿತ್ತು. ಅಪ್ಪನ್ನ ಒಂದು ಮಾತೂ ಕೇಳಿರ್ಲಿಲ್ಲ ಅವಳು. ಅಪ್ಪನೂ ಬೇಡ ಅಂದಿರ್ಲಿಲ್ಲ. "ಅವಳೇ ಆರ್ಟ್ಸ್ ಅಂದ್ಲು ಮೇಡಂ, ಅವಳ ಇಷ್ಟ" ಅಂತ ಆ ಮನುಷ್ಯ ನನ್ನ ಹತ್ರ ಪೂರ್ತಿ ನಂಬಿಕೆಯಿಂದ ಹೇಳಿದ್ರು.

ಆರ್ಟ್ಸ್ ಕಮ್ಮಿ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಂಗೆ ಓದಬೇಡಿ. ಆಗಲ್ಲ ಅನ್ನೋದನ್ನ ಮಕ್ಕಳು ಇಷ್ಟ ಇಲ್ಲ ಅಂತ ಮಾಡ್ಕೊಂಡುಬಿಡ್ತಾರೆ, ಅದನ್ನ ಹೇಳ್ತಿದ್ದೀನಿ. ಬಸ್ಸಲ್ಲಿ ವಾಂತಿ ಆಗುತ್ತೆ ಅಂದಿದ್ದು ನಾನು, ಸೈನ್ಸ್ ಇಷ್ಟ ಇಲ್ಲ ಅಂದಿದ್ದು ಅವಳು. ಮೊದಲು ಅಪ್ಪ ಅಮ್ಮನಿಗೆ ನೋವಾಗಬಾರದು ಅಂತ ಹೇಳೋ ಸುಳ್ಳು ಅದು, ಹೇಳ್ತಾ ಹೇಳ್ತಾ ತಾವೇ ನಂಬ್ತಾರೆ, ನಂಬಿದ ಮೇಲೆ ಅದು ನಿಜಾನೇ ಆಗಿಬಿಡುತ್ತೆ, ಪುಸ್ತಕ ತೆಗೆದ್ರೆ ನಿಜವಾಗ್ಲೂ ಬೇಜಾರಾಗೋಕೆ ಶುರುವಾಗುತ್ತೆ. ಆ ಹಂತದಲ್ಲಿ ಬಂದು ನಾವು ಟೀಚರುಗಳು ಆಸಕ್ತಿ ಇಲ್ಲ ಅಂತ ಬರೀತೀವಿ.

ನನ್ನದೇ ಒಂದು ತಪ್ಪೂ ಬರೀಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸ್ಕಾಲರ್‌ಶಿಪ್ ಅರ್ಜಿ ತುಂಬಿಸೋ ದಿನ ಬಂದ್ರೆ ತುಂಬಿದ ಕ್ಲಾಸಲ್ಲಿ ನಿಂತು "ಎಸ್‌ಸಿ ಎಸ್‌ಟಿ ಮಕ್ಕಳೆಲ್ಲಾ ಎದ್ದು ನಿಂತ್ಕೊಳ್ಳಿ, ಆದಾಯ ಪ್ರಮಾಣ ಪತ್ರ ತರದೇ ಇರೋರು ಕೈ ಎತ್ತಿ" ಅಂತಿದ್ದೆ. ಕೆಲಸ ಬೇಗ ಮುಗಿಯುತ್ತೆ ಅಂತ. ಆಮೇಲೆ ಯಾವಾಗಲೋ ಕಾರ್ಲಾ ಹಾಫ್, ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಮಾಡಿದ ಪ್ರಯೋಗದ ಬಗ್ಗೆ ಓದಿದೆ. ಆರು ಏಳನೇ ಕ್ಲಾಸಿನ ಹುಡುಗರು, ಮೇಲ್ಜಾತಿಯವರು 321, ದಲಿತ ಮಕ್ಕಳು 321, ಕಾಗದದ ಮೇಲೆ ದಾರಿ ಹುಡುಕೋ ಒಗಟು ಬಿಡಿಸಬೇಕು. ಯಾರು ಯಾವ ಜಾತಿ ಅಂತ ಹೇಳದೇ ಇದ್ದಾಗ ಇಬ್ಬರೂ ಸರಿಸಮ ಮಾಡಿದ್ರು. ಎಲ್ಲರ ಮುಂದೆ ಅಪ್ಪನ ಹೆಸರು, ಜಾತಿ ಕೂಗಿ ಹೇಳಿ ಆಮೇಲೆ ಕೊಟ್ಟಾಗ ದಲಿತ ಮಕ್ಕಳು ಬಿಡಿಸಿದ ಒಗಟು ಕಮ್ಮಿ ಆಯ್ತು. ಅಂಥದ್ದೇ ಮಕ್ಕಳು, ಬುದ್ಧಿ ಎಲ್ಲಿಗೆ ಹೋಯ್ತು? ಅದನ್ನ ಓದಿದಾಗ ನನಗೆ ಎದ್ದು ನಿಂತ ಒಬ್ಬೊಬ್ಬರ ಮುಖ ನೆನಪಾಯ್ತು, ಎದ್ದು ನಿಂತ ಆ ಪೀರಿಯಡ್ ಪೂರ್ತಿ ಅವರ್ಯಾರೂ ಒಂದು ಉತ್ತರ ಹೇಳಿರ್ಲಿಲ್ಲ. ಈಗ ಅರ್ಜಿನ ಮಧ್ಯಾಹ್ನ ಊಟದ ಬಿಡುವಲ್ಲಿ ಒಬ್ಬೊಬ್ಬರನ್ನೇ ಕರೆದು ತುಂಬಿಸ್ತೀನಿ. ನಾಲ್ಕು ದಿನ ಹಿಡಿಯುತ್ತೆ, ಹಿಡೀಲಿ.

ಆದಾಯ ಪ್ರಮಾಣ ಪತ್ರ ಅಂದೆನಲ್ಲ, ಅದೂ ಒಂದು ವಿಚಿತ್ರ ಕಾಗದ. ಎಂಟನೇ ಕ್ಲಾಸಿನ ಮಕ್ಕಳಿಗೆ ಎನ್‌ಎಂಎಂಎಸ್ ಅಂತ ಪರೀಕ್ಷೆ ಇದೆ, 180 ಪ್ರಶ್ನೆ, ಪಾಸಾಗಿ ಆಯ್ಕೆ ಆದ್ರೆ ಒಂಬತ್ತರಿಂದ ಪಿಯುಸಿ ಮುಗಿಯೋವರೆಗೂ ವರ್ಷಕ್ಕೆ 12,000 ರೂಪಾಯಿ ಸಿಗುತ್ತೆ, ಮನೆ ಆದಾಯ ವರ್ಷಕ್ಕೆ ಮೂರೂವರೆ ಲಕ್ಷ ದಾಟಬಾರದು. ತುಂಬಾ ಒಳ್ಳೇದು, ನಮ್ಮ ಮಕ್ಕಳಿಗೆ ಪ್ರತಿ ವರ್ಷ ಕಟ್ಟಿಸ್ತೀನಿ, ಓದೋರು ದಯವಿಟ್ಟು ನಿಮ್ಮೂರ ಸ್ಕೂಲಲ್ಲೂ ಕೇಳಿ. ಆದ್ರೆ ಆ ಕಾಗದದಲ್ಲಿ ಇರೋದು ಒಂದೇ ಅಂಕಿ, ವಾರ್ಷಿಕ ಆದಾಯ ಇಷ್ಟು ಅಂತ. ಬೆಳಿಗ್ಗೆ ಒಂದು ರೇಟು ಸಾಯಂಕಾಲ ಒಂದು ರೇಟು ಇರೋ ಮನೆಗೆ ಆ ಅಂಕಿ ಏನು ಹೇಳುತ್ತೆ? ಯಾವ ತಿಂಗಳು ದುಡ್ಡಿತ್ತು ಯಾವ ತಿಂಗಳು ಇರ್ಲಿಲ್ಲ ಅನ್ನೋದಕ್ಕೆ ಅಲ್ಲಿ ಕಾಲಂ ಇಲ್ಲ.

ನಾನು ಗಮನಿಸಿರೋದು ಇನ್ನೊಂದಿದೆ. ಇದು ನನ್ನ ಕ್ಲಾಸಿನ ಮಾತು ಅಷ್ಟೇ. ಮನೇಲಿ ಎರಡು ಹಸು ಇದ್ದು ಡೈರಿಗೆ ಹಾಲು ಹಾಕೋ ಮನೆ ಮಕ್ಕಳು, ಬರೀ ಹುಳ ನಂಬಿರೋ ಮನೆ ಮಕ್ಕಳಿಗಿಂತ ಗಟ್ಟಿಯಾಗಿ ನಿಲ್ತಾರೆ. ಹಾಲಿನ ದುಡ್ಡು ದೊಡ್ಡದೇನಲ್ಲ, ಹಿಂಡಿ ಬೂಸಾ ಕಳೆದ್ರೆ ಉಳಿಯೋದು ಅಷ್ಟಕ್ಕಷ್ಟೇ. ಆದ್ರೆ ಬಟವಾಡೆ ದಿನ ಬರುತ್ತೆ, ಸುಮಾರು ಮನೆಗಳಲ್ಲಿ ಅಮ್ಮನ ಕೈಗೆ ಬರುತ್ತೆ. ನೋಟ್‌ಬುಕ್ಕು, ಪೆನ್ನು, ಫೀಸು ಎಲ್ಲಾ ಆ ದುಡ್ಡಲ್ಲೇ. "ಬಟವಾಡೆ ಆಗ್ಲಿ ಕೊಡಿಸ್ತೀನಿ" ಅನ್ನೋ ಅಮ್ಮ ಒಂದನೇ ತಾರೀಕು ಅನ್ನೋ ನಮ್ಮ ದೊಡ್ಡಪ್ಪನ ಥರಾನೇ. 2023ರ ಜೂನಲ್ಲಿ ಹೆಣ್ಣುಮಕ್ಕಳಿಗೆ ಬಸ್ ಫ್ರೀ ಆದ್ಮೇಲೆ ನಮ್ಮ ಸ್ಕೂಲಿಂದ ಪಾಸಾದ ಹುಡುಗಿಯರು ಚಿಕ್ಕಬಳ್ಳಾಪುರದ ಕಾಲೇಜಿಗೆ ಹೋಗೋದನ್ನ ನೋಡ್ತಿದ್ದೀನಿ, ಉಳಿಯೋದು ದಿನಕ್ಕೆ ಎಷ್ಟೋ ಅಷ್ಟು, ಆದ್ರೆ ದಿನಾ ಬೆಳಿಗ್ಗೆ ಅಪ್ಪನ ಮುಂದೆ ಕೈ ಚಾಚಿ ನಿಲ್ಲೋದು ತಪ್ಪಿತಲ್ಲ, ಅದು ದೊಡ್ಡದು.

ಸ್ಕೂಲ್ ಡೇಗೆ ಬರೋ ಅತಿಥಿಗಳು ಮನಸ್ಸಿದ್ರೆ ಬಡತನ ಅಡ್ಡಿ ಅಲ್ಲ ಅಂತ ಭಾಷಣ ಮಾಡ್ತಾರೆ. ನಮ್ಮ ಜಿಲ್ಲೇಲಿ ಅದಕ್ಕೆ ಉದಾಹರಣೆ ರೆಡಿ ಇದೆ, ಡಾ. ಎಚ್. ನರಸಿಂಹಯ್ಯನವರು. ಗೌರಿಬಿದನೂರು ತಾಲೂಕಿನ ಹೊಸೂರಲ್ಲಿ 1920ರಲ್ಲಿ ಹುಟ್ಟಿದ್ರು, ಕಡು ಬಡತನ, ಹೈಸ್ಕೂಲ್ ಓದೋಕೆ ಬೆಂಗಳೂರಿಗೆ ನಡ್ಕೊಂಡೇ ಹೋದ್ರು, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆದ್ರು. ಅವರ ಮೇಲೆ ನನಗೆ ಅಪಾರ ಗೌರವ. ಅದಕ್ಕೇ ಅವರ ಕಥೆ ಅರ್ಧಕ್ಕೆ ನಿಲ್ಲಿಸೋದು ನನಗೆ ಸಹಿಸೋಕಾಗಲ್ಲ. ಬೆಂಗಳೂರಲ್ಲಿ ಅವರಿಗೆ ಬಡ ವಿದ್ಯಾರ್ಥಿಗಳ ಉಚಿತ ನಿಲಯದಲ್ಲಿ ಊಟ ವಸತಿ ಸಿಕ್ಕಿತ್ತು. ಓದಿ ದೊಡ್ಡವರಾದ ಮೇಲೆ ಅವರು ನಾನು ನಡೆದೆ ನೀವೂ ನಡೀರಿ ಅನ್ಲಿಲ್ಲ. ಗೌರಿಬಿದನೂರು, ಬಾಗೇಪಲ್ಲಿಗೆ ನ್ಯಾಷನಲ್ ಕಾಲೇಜು ತಂದ್ರು, ನಮ್ಮ ಕಡೆ ಮಕ್ಕಳು ಅಷ್ಟು ದೂರ ನಡೀದೆ ಇರ್ಲಿ ಅಂತ. ತಾವು ಜೀವನ ಪೂರ್ತಿ ಹಾಸ್ಟೆಲಿನ ಒಂದು ರೂಮಲ್ಲಿ ಕಳೆದ್ರು. ಭಾಷಣದಲ್ಲಿ ಆ ನಡಿಗೆ ಬರುತ್ತೆ, ಈ ಕಾಲೇಜು ಬರಲ್ಲ.

ದುಡ್ಡಿರೋ ಮನೇಲೂ ಓದದ ಮಕ್ಕಳಿದ್ದಾರೆ, ಏನೂ ಇಲ್ಲದ ಮನೆಯಿಂದ 600 ದಾಟಿದ ಮಕ್ಕಳೂ ಇದ್ದಾರೆ, ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದ್ರೆ ಅದೇ ಮಾರ್ಕ್ಸಿಗೆ ಯಾರು ಎಷ್ಟು ತೆತ್ತರು ಅನ್ನೋದು ಮಾರ್ಕ್ಸ್ ಕಾರ್ಡಲ್ಲಿ ಇರಲ್ಲ.

ನವೆಂಬರ್ ಆದ್ಮೇಲೆ ನಾನೊಂದು ಅಭ್ಯಾಸ ಇಟ್ಕೊಂಡಿದ್ದೀನಿ. ನನ್ನದೇ ಒಂದು ಡೈರೀಲಿ, ಯಾರ ಮನೇಲಿ ಯಾವತ್ತು ಚಾಕಿ ಹುಳ, ಅಂದ್ರೆ ಮರಿ ಹುಳ ತಂದ್ರು ಅಂತ ಪೆನ್ಸಿಲಲ್ಲಿ ಬರ್ಕೋತೀನಿ. ಅಲ್ಲಿಂದ ಎಣಿಸಿದ್ರೆ ಯಾವಾಗ ಹಣ್ಣಾಗುತ್ತೆ, ಯಾವಾಗ ಗೂಡು ಬಿಡಿಸ್ತಾರೆ ಅಂತ ಹೆಚ್ಚು ಕಮ್ಮಿ ಗೊತ್ತಾಗುತ್ತೆ. ಟೆಸ್ಟನ್ನ ಆ ದಿನ ಬಿಟ್ಟು ಇಡ್ತೀನಿ. ಮಲೆನಾಡಿನ ಆ ಸಹೋದ್ಯೋಗಿ ಒಂದಿನ ಡೈರಿ ನೋಡಿ ಇದೇನು ಅಂತ ಕೇಳಿದ್ರು, ಹೇಳಿದೆ, ಈಗ ಅವರೂ ಕ್ಲಾಸಿಗೆ ಹೋಗೋ ಮುಂಚೆ ಒಂದ್ಸಲ ತಿರುವಿ ನೋಡ್ತಾರೆ.

ಫೆಬ್ರವರೀಲಿ ಮುಂದಿನ ಮಂಗಳವಾರ ಗಣಿತ ಟೆಸ್ಟ್ ಅಂತ ಬೋರ್ಡ್ ಮೇಲೆ ಬರೆದೆ. ಬೆಲ್ ಹೊಡೀತು, ಮಕ್ಕಳೆಲ್ಲಾ ಹೊರಗೆ ಓಡಿದ್ರು. ಕೊನೇ ಬೆಂಚಿನ ಆ ಹುಡುಗ ಮಾತ್ರ ಬ್ಯಾಗ್ ಹಾಕ್ಕೊಂಡು ನನ್ನ ಟೇಬಲ್ ಹತ್ರ ಬಂದು ನಿಂತ, ಏನೋ ಹೇಳೋಕೆ ಬಂದು ಹಂಗೇ ಡಸ್ಟರ್ ತಿರುಗಿಸ್ತಾ ಇದ್ದ. ನಾನು ಹಾಜರಿ ಪುಸ್ತಕ ಮುಚ್ಚದೆ ಕಾದೆ.

"ಮೇಡಂ, ಟೆಸ್ಟು ಬುಧವಾರ ಇಡ್ತೀರಾ? ಮಂಗಳವಾರ ನಮ್ದು ಮಾರ್ಕೆಟು."